ಹಲ್ಲು ಕಿತ್ತ ದಿನವೇ ಹಲ್ಲುಸೆಟ್ಟು: ಊರಲ್ಲೋ, ದೆಹಲಿಯಲ್ಲೋ?

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಈಗ ಹಲ್ಲು ಕೀಳಿಸಿದ ಕುರ್ಚಿಯಲ್ಲೇ ಹೊಸ ಸೆಟ್ಟು ಕೂರಿಸಿಕೊಂಡು ಮನೆಗೆ ಬರಬಹುದು. ದಂತವೈದ್ಯರು ಇದನ್ನು ಇಮ್ಮೀಡಿಯೇಟ್ ಡೆಂಚರ್ ಎನ್ನುತ್ತಾರೆ. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ನಮ್ಮ ಬ್ಯಾಂಕಿನ ಕೌಂಟರಿಗೆ ಬರುವ ಪಿಂಚಣಿದಾರರಲ್ಲಿ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಮಾತನಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅಂಥವರಿಗೆ ಇದು ದೊಡ್ಡ ಸಮಾಧಾನವೇ ಸರಿ.

ಆದರೆ ದೆಹಲಿ ಕನ್ನಡಿಗರಲ್ಲಿ ಒಂದು ರೂಢಿಯಿದೆ. ರಜೆಗೆ ಊರಿಗೆ ಹೋದಾಗ ಪರಿಚಯದ ವೈದ್ಯರಲ್ಲಿ ಹಲ್ಲಿನ ಕೆಲಸ ಮುಗಿಸಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವುದು. ಈ ಸೆಟ್ಟಿನ ಮಟ್ಟಿಗೆ ಆ ರೂಢಿ ನಡೆಯದು.

ಕಾರಣ ಹೀಗಿದೆ. ಸಾಮಾನ್ಯವಾಗಿ ಹಿಂದಿನ ಹಲ್ಲುಗಳನ್ನು ಮೊದಲು ತೆಗೆದು, ಕೆಲವು ವಾರ ವಸಡು ಮಾಯಲು ಬಿಡುತ್ತಾರೆ. ಮುಂದಿನ ಹಲ್ಲುಗಳು ಇರುವಾಗಲೇ ಅಚ್ಚು ತೆಗೆದು ಸೆಟ್ಟು ತಯಾರಿಸುತ್ತಾರೆ. ಹೀಗಾಗಿ ಮುಂದಿನ ಹಲ್ಲುಗಳು ಹೇಗೆ ಕಾಣುತ್ತವೆಂದು ಮೊದಲೇ ಹಾಕಿ ನೋಡುವ ಅವಕಾಶವಿಲ್ಲ. ಕಿತ್ತ ದಿನ ಸೆಟ್ಟೇ ಗಾಯಕ್ಕೆ ಪಟ್ಟಿಯಂತೆ ಕೆಲಸ ಮಾಡುತ್ತದೆ. ಮೊದಲ 24 ಗಂಟೆ ಅದನ್ನು ತೆಗೆಯಬಾರದು. ತೆಗೆದರೆ ಬಾವಿನಿಂದಾಗಿ ಮತ್ತೆ ಕೂರದೇ ಹೋಗಬಹುದು. ಮರುದಿನ ವೈದ್ಯರೇ ತೆಗೆದು, ಎಲ್ಲಿ ಒತ್ತುತ್ತಿದೆ ಎಂದು ನೋಡಿ ಅಲ್ಲಿ ಉಜ್ಜಿ ಸರಿಪಡಿಸಬೇಕು. ಆ ಮರುದಿನ ನಾವು ಮನಮಾಡ್, ಭುಸಾವಳಗಳ ನಡುವೆ ಬರ್ತಿನ ಮೇಲಿದ್ದರೆ ನೋಡುವವರು ಯಾರು?

ಮುಂದಿನ ಮಾತು ಇನ್ನೂ ಮುಖ್ಯ. ಹಲ್ಲು ಹೋದ ಜಾಗದ ಮೂಳೆ ಕರಗುತ್ತದೆ, ಮೊದಲ ಆರು ತಿಂಗಳಲ್ಲಂತೂ ಬೇಗ ಬೇಗ. ಬಿಗಿಯಾಗಿದ್ದ ಸೆಟ್ಟು ಸಡಿಲವಾಗುತ್ತದೆ. ಆಗಾಗ ಒಳಗೆ ಮೆತ್ತನೆಯ ಪದರ ಹಾಕಿಸಬೇಕು. ಆರು ತಿಂಗಳಿಂದ ವರ್ಷದೊಳಗೆ ಕಾಯಂ ಪದರವೋ ಹೊಸ ಸೆಟ್ಟೋ ಬೇಕಾಗುತ್ತದೆ. ಇದು ಒಂದೇ ಸಲ ತುಂಬುವ ಠೇವಣಿಯಲ್ಲ, ಕಂತಿನ ವ್ಯವಹಾರ. ಹೇಳಿದ ದರದಲ್ಲಿ ಪದರಗಳೂ ಎರಡನೇ ಸೆಟ್ಟೂ ಸೇರಿವೆಯೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಕೆಲವು ತಿಂಗಳು ಬೋಳು ಬಾಯಲ್ಲಿ ಇರಬಲ್ಲವರಿಗೆ ವಸಡು ಮಾಗಿದ ಮೇಲೆ ಮಾಡಿಸುವ ಸಾಮಾನ್ಯ ಸೆಟ್ಟೇ ಕಡಿಮೆ ಖರ್ಚಿನದು.

ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಮೂಳೆ ಸವೆತಕ್ಕೆ ಔಷಧ, ಇಂಜೆಕ್ಷನ್ ಪಡೆಯುತ್ತಿರುವವರು ಹಲ್ಲು ಕೀಳಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಮೊದಲ ದಿನಗಳಲ್ಲಿ ಮೊಸರನ್ನ, ತಣಿದ ಗಂಜಿ ಸಾಕು. ನುಂಗುವ ರಾಗಿ ಮುದ್ದೆಗೆ ಹಲ್ಲಿನ ಹಂಗೇ ಇಲ್ಲ. ಚಕ್ಕುಲಿಯೂ ದೆಹಲಿ ಚಳಿಗಾಲದ ಗಜಕ್ಕೂ ಕಾಯಲಿ. ಎರಡೂ ಕಡೆ ಸಮನಾಗಿ ಅಗಿಯಿರಿ. ಕೆಳಗಿನ ಸೆಟ್ಟು ಮೇಲಿನದಕ್ಕಿಂತ ಸಡಿಲವಾಗಿಯೇ ಇರುತ್ತದೆ, ಗಾಬರಿ ಬೇಡ. ತ, ದ, ನ, ಸ ತೊದಲಿದರೆ ಪತ್ರಿಕೆಯನ್ನು ದಿನವೂ ಗಟ್ಟಿಯಾಗಿ ಓದಿ, ನಾಲಿಗೆ ಹೊಂದಿಕೊಳ್ಳುತ್ತದೆ. ವೈದ್ಯರು ಹೇಳಿದ ಮೇಲೆ ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ಕುದಿನೀರು ತಾಗಿದರೆ ಸೆಟ್ಟು ಸೊಟ್ಟಗಾಗುತ್ತದೆ. ಒತ್ತುತ್ತಿದೆ ಎಂದು ಮನೆಯಲ್ಲಿ ಅರದಿಂದ ಉಜ್ಜಬೇಡಿ. ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ತಪ್ಪದೆ ತೋರಿಸಿ.

ರಾಜಧಾನಿಯಲ್ಲಿ ದಂತ ಚಿಕಿತ್ಸೆಗೆ ಕೊರತೆಯಿಲ್ಲ. ಏಮ್ಸ್‌ನ ದಂತ ಕೇಂದ್ರ, ದೆಹಲಿ ಗೇಟ್ ಬಳಿ ದೆಹಲಿ ಸರ್ಕಾರದ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ, ಓಖ್ಲಾ ಕಡೆಯವರಿಗೆ ಜಾಮಿಯಾ ದಂತ ವಿಭಾಗ ಇವೆ. ಫರೀದಾಬಾದ್, ಗ್ರೇಟರ್ ನೋಯ್ಡಾಗಳಲ್ಲಿ ಖಾಸಗಿ ದಂತ ಕಾಲೇಜುಗಳಿವೆ. ಸಿಜಿಎಚ್ಎಸ್ ಕಾರ್ಡ್ ಇರುವವರು ಖರ್ಚು ಮಾಡುವ ಮುನ್ನವೇ ತಮ್ಮ ಡಿಸ್ಪೆನ್ಸರಿಯಲ್ಲಿ ನಿಯಮ ವಿಚಾರಿಸಲಿ. ಇಷ್ಟಾಗಿಯೂ ಊರಿನ ವೈದ್ಯರೇ ಬೇಕೆನ್ನುವವರು ಹೋಗುವ ಟಿಕೆಟ್ ಮಾತ್ರ ತೆಗೆಸಲಿ. ಬರುವ ಟಿಕೆಟ್ಟಿನ ತಾರೀಖನ್ನು ಆ ವೈದ್ಯರನ್ನೇ ಕೇಳಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.