ಬಡಾವಣೆಗಳಲ್ಲಿ ಹಳ್ಳದ ಅಂಚಿನ ರಕ್ಷಣೆ: ಖಾತೆಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಪಟ್ಟಣ ಮತ್ತು ಹೆದ್ದಾರಿಗಳಿಗೆ ಹೊಂದಿಕೊಂಡ ತೆಂಗಿನ ತೋಟಗಳು ನಿವೇಶನಗಳಾಗಿ ಮಾರ್ಪಡುತ್ತಿವೆ. ಈ ಭಾಗದ ಕೆರೆಗಳು ಸರಣಿಯಾಗಿದ್ದು, ಮೇಲಿನ ಕೆರೆಯ ಕೋಡಿ ನೀರು ಹಳ್ಳದ ಮೂಲಕ ಕೆಳಗಿನ ಕೆರೆಯನ್ನು ಸೇರುತ್ತದೆ. ವರ್ಷದ ಬಹುಕಾಲ ಒಣಗಿರುವ ಹಳ್ಳವನ್ನು ಮಣ್ಣು ತುಂಬಿ ಸಮತಟ್ಟು ಮಾಡುವುದು ಸುಲಭ. ಆದರೆ ಕೆರೆ ಕೋಡಿ ಬಿದ್ದ ವರ್ಷ ನೀರು ಹಳೆಯ ದಾರಿಯಲ್ಲಿಯೇ ಬಂದು ಮನೆಗಳಿಗೆ ನುಗ್ಗುತ್ತದೆ. ಉಳಿದ ವರ್ಷಗಳಲ್ಲಿ ಕೆಳಗಿನ ಕೆರೆಗೆ ನೀರು ತಲುಪದೆ ಸುತ್ತಲಿನ ತೋಟಗಳ ಕೊಳವೆಬಾವಿಗಳು ಸೊರಗುತ್ತವೆ.

ಹಳ್ಳ ಯಾರ ಸ್ವತ್ತು?

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 67ನೇ ಪ್ರಕರಣದನ್ವಯ, ಅನ್ಯರ ಹಕ್ಕು ಸಾಬೀತಾಗದ ಹೊರತು, ನದಿ, ಹಳ್ಳ, ಕೆರೆಗಳ ಪಾತ್ರವು ಸರ್ಕಾರದ ಸ್ವತ್ತು. ಖಾಸಗಿ ಸರ್ವೆ ನಂಬರಿನೊಳಗೆ ಹಾದುಹೋಗುವ ಹಳ್ಳವನ್ನು ಪಹಣಿಯಲ್ಲಿ ಸಾಮಾನ್ಯವಾಗಿ ‘ಬಿ’ ಖರಾಬು ಎಂದು ನಮೂದಿಸಲಾಗಿರುತ್ತದೆ. ಉಳಿದ ಜಮೀನು ಭೂ ಪರಿವರ್ತನೆಯಾದ ಮಾತ್ರಕ್ಕೆ ಈ ಖರಾಬು ಮಾಲೀಕರದ್ದಾಗುವುದಿಲ್ಲ.

ದಂಡೆಯ ಅಂಚನ್ನು ಉಳಿಸುವುದು ಹೇಗೆ?

ಪಾತ್ರ ಸರ್ಕಾರದ್ದಾದರೂ ದಂಡೆಯಾಚೆಗಿನ ಭೂಮಿ ಖಾಸಗಿಯದು. ಬೆಂಗಳೂರಿನ 2015ರ ಮಹಾಯೋಜನೆಯು ರಾಜಕಾಲುವೆಯ ಮಧ್ಯಭಾಗದಿಂದ ದರ್ಜೆಗೆ ಅನುಗುಣವಾಗಿ 50, 25 ಮತ್ತು 15 ಮೀಟರ್ ಅಂತರವನ್ನು ನಿಗದಿಪಡಿಸಿತು. ಹಸಿರು ನ್ಯಾಯಮಂಡಳಿಯು ಅದನ್ನು ಹೆಚ್ಚಿಸಿ ನೀಡಿದ್ದ ನಿರ್ದೇಶನವನ್ನು ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚ್ 5ರಂದು ರದ್ದುಪಡಿಸಿತು. ಆ ಅಳತೆ ಬೆಂಗಳೂರಿನ ಯೋಜನೆಯದು. ಇಲ್ಲಿಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಮಹಾಯೋಜನೆ ಜಾರಿಯಲ್ಲಿರುವೆಡೆ ಅದರ ವಲಯ ನಿಯಮಗಳನ್ನೇ ನೋಡಬೇಕು.

ಅಮೆರಿಕದಲ್ಲಿ ಮಾಲೀಕನು ಭೂಮಿಯನ್ನು ತನ್ನಲ್ಲಿಯೇ ಉಳಿಸಿಕೊಂಡು, ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ ಶಾಶ್ವತವಾಗಿ ಬಿಟ್ಟುಕೊಡುವ ಪತ್ರ ಬರೆದುಕೊಡಬಹುದು. ಭಾರತದ 1882ರ ಅನುಭೋಗ ಹಕ್ಕುಗಳ ಅಧಿನಿಯಮದಲ್ಲಿ ಇಂತಹ ಹಕ್ಕು ಮತ್ತೊಂದು ಜಮೀನಿನ ಉಪಯೋಗಕ್ಕೆ ಮಾತ್ರ ಹುಟ್ಟುತ್ತದೆ. ಆದುದರಿಂದ ಇಲ್ಲಿ ಅನುಕೂಲವಾದ ದಾರಿಯೆಂದರೆ, ಬಡಾವಣೆಯಲ್ಲಿ ಹೇಗೂ ಬಿಡಲೇಬೇಕಾದ ಉದ್ಯಾನದ ಜಾಗವನ್ನು ಮೂಲೆಯಲ್ಲಿ ಬಿಡದೆ ಹಳ್ಳದುದ್ದಕ್ಕೂ ಪಟ್ಟಿಯಾಗಿ ಬಿಡಿಸಿಕೊಳ್ಳುವುದು. ಇದರಿಂದ ಮಾಲೀಕರಿಗೆ ಹೆಚ್ಚಿನ ನಷ್ಟವಿಲ್ಲ. ಅಲ್ಲಿರುವ ತೆಂಗಿನ ಮರಗಳೂ ಉಳಿಯುತ್ತವೆ.

ಸದಸ್ಯರು ಗಮನಿಸಬೇಕಾದವು

1. ಪಹಣಿ, ಸರ್ವೆ ಸ್ಕೆಚ್ಚು ಮತ್ತು ಗ್ರಾಮ ನಕ್ಷೆಗಳನ್ನು ಬಡಾವಣೆ ನಕ್ಷೆಯೊಂದಿಗೆ ಹೋಲಿಸುವುದು. ಖರಾಬಿನ ವಿಸ್ತೀರ್ಣ ಕಡಿಮೆಯಾಗಿದ್ದರೆ ಕಾರಣ ಕೇಳುವುದು.

2. ಮಣ್ಣು ತುಂಬುವ ಮೊದಲೇ ಸರ್ವೆ ಇಲಾಖೆಯಿಂದ ಹಳ್ಳವನ್ನು ಅಳತೆ ಮಾಡಿಸಿ ಗಡಿಕಲ್ಲು ನೆಡಿಸುವುದು.

3. ಉದ್ಯಾನವು ಹಳ್ಳದ ಅಂಚಿನಲ್ಲಿರಬೇಕೆಂಬ ಅಭಿಪ್ರಾಯವನ್ನು ಠರಾವಿನ ಮೂಲಕ, ನಕ್ಷೆ ಅನುಮೋದನೆಗೆ ಮುನ್ನವೇ, ಯೋಜನಾ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸುವುದು.

4. ರಸ್ತೆ ಹಾಗೂ ಉದ್ಯಾನಗಳನ್ನು ನೋಂದಾಯಿತ ಪತ್ರದ ಮೂಲಕ ಪಂಚಾಯಿತಿಗೆ ಹಸ್ತಾಂತರಿಸಿದ ಬಳಿಕವೇ ನಿವೇಶನಗಳ ಇ-ಸ್ವತ್ತು ವಿಷಯವನ್ನು ಕೈಗೆತ್ತಿಕೊಳ್ಳುವುದು.

5. ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಡಿ ಕಟ್ಟಡ ಪರವಾನಗಿ ನೀಡುವಾಗ ಆ ಪಟ್ಟಿಯನ್ನು ಮತ್ತೊಮ್ಮೆ ಪರಿಶೀಲಿಸುವುದು.

ಖಾತೆಯಾಗುವವರೆಗೆ ಪಂಚಾಯಿತಿ ಮಾತನಾಡಬೇಕಾದುದು ಒಬ್ಬ ಮಾಲೀಕರೊಂದಿಗೆ. ಖಾತೆಯಾದ ಮೇಲೆ ಹಳ್ಳ ತೆರವುಗೊಳಿಸುವುದೆಂದರೆ, ಸಾಲ ಮಾಡಿ ಮನೆ ಕಟ್ಟಿಕೊಂಡ ಹತ್ತಾರು ಕುಟುಂಬಗಳ ಎದುರು ನಿಲ್ಲುವುದು.