ಸಂಜೆವರೆಗೂ ನೀರೇ ಕುಡಿಯದ ಮಗು: ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಶಾಲೆ ಏನು ಮಾಡಬಹುದು?

ಹೊಸಪೇಟೆ: ಎಂಟನೇ ಕ್ಲಾಸಿನ ಹುಡುಗ. ಹುಡುಗಿಯರ ಜೊತೆಗೇ ಓಡಾಟ, ಮಾತು-ನಡಿಗೆ ಅವರ ಹಾಗೇ. ಕ್ಲಾಸಲ್ಲಿ ಅವನಿಗೆ 'ಹೆಣ್ಣಿಗ' ಅಂತ ಹೆಸರು. ಹುಡುಗಿ ಹುಡುಗರ ಥರ ಇದ್ದರೆ 'ಗಂಡುಬೀರಿ'. ಇಂಥ ಮಗುವನ್ನು ನೋಡಿರದ ಮೇಷ್ಟ್ರು ಕಡಿಮೆ. ಒಂಬತ್ತಕ್ಕೋ ಹತ್ತಕ್ಕೋ ಬರುವಷ್ಟರಲ್ಲಿ ಅದು ಶಾಲೆಗೆ ಬರೋದೇ ನಿಲ್ಲಿಸಿರುತ್ತೆ. ಯಾಕೆ ಅಂತ ಯಾರೂ ಕೇಳಿರಲ್ಲ.

2011ರ ಜನಗಣತಿಯಲ್ಲಿ ಲಿಂಗದ ಕಾಲಂನಲ್ಲಿ 'ಇತರೆ' ಎಂದು ದಾಖಲಾದವರು ದೇಶದಲ್ಲಿ ಸುಮಾರು 4.88 ಲಕ್ಷ. ಅವರಲ್ಲಿ ಅಕ್ಷರಸ್ಥರು ಶೇ 56ರಷ್ಟು ಮಾತ್ರ. ಆಗ ದೇಶದ ಸರಾಸರಿ ಶೇ 70 ದಾಟಿತ್ತು.

ನಮ್ಮ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ತಗೊಂಡಾಗ ಎಲ್ಲರೂ ಆ ವಿಡಿಯೊ ಸ್ಟೇಟಸ್‌ಗೆ ಹಾಕಿಕೊಂಡೆವು. ಅವರ ಶಾಲೆಯ ಓದು ಹತ್ತನೇ ತರಗತಿಗೇ ನಿಂತಿತ್ತು ಅನ್ನೋದನ್ನು ಯಾರೂ ಸ್ಟೇಟಸ್‌ಗೆ ಹಾಕಲಿಲ್ಲ.

ಕಾನೂನು ಇದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿ ಶಾಲೆಯೂ ಈ ಮಕ್ಕಳಿಗೆ ತಾರತಮ್ಯವಿಲ್ಲದೆ ಪಾಠ, ಆಟ ಎರಡಕ್ಕೂ ಅವಕಾಶ ಕೊಡಬೇಕು ಅಂತ 2019ರ ಕೇಂದ್ರ ಕಾಯ್ದೆಯ ಸೆಕ್ಷನ್ 13 ಹೇಳುತ್ತದೆ. ಅಂದರೆ ಖಾಸಗಿ ಶಾಲೆಗೂ ಇದು ಅನ್ವಯ. ಶಿಕ್ಷಕರಿಗೆ ತಿಳಿಸಿ ಹೇಳಲು ಎನ್‌ಸಿಇಆರ್‌ಟಿ 2021ರಲ್ಲಿ ಒಂದು ಕೈಪಿಡಿ ತಂದಿತ್ತು. ಆಕ್ಷೇಪಣೆ ಬಂತು, ಕೆಲವೇ ದಿನಗಳಲ್ಲಿ ವೆಬ್‌ಸೈಟಿನಿಂದ ತೆಗೆದುಹಾಕಿದರು.

9ನೇ ತರಗತಿಯಿಂದ ಸ್ನಾತಕೋತ್ತರದವರೆಗೆ ಕೇಂದ್ರದ 'ಸ್ಮೈಲ್' ಯೋಜನೆಯಲ್ಲಿ ಸ್ಕಾಲರ್‌ಶಿಪ್ಪೂ ಉಂಟು. ತೊಡಕು ಇರೋದು ಇಲ್ಲೇ. ಅದಕ್ಕೆ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ ಬೇಕು. 18 ತುಂಬದ ಮಗುವಿನ ಪರವಾಗಿ ಅಪ್ಪ-ಅಮ್ಮ ಅಥವಾ ಪೋಷಕರೇ ಅರ್ಜಿ ಹಾಕಬೇಕು. ಮನೆಯಲ್ಲೇ 'ಇದೆಲ್ಲ ಗಾಳಿ ಸೋಕಿದ್ದು' ಅಂದುಕೊಂಡಿದ್ದರೆ ಅರ್ಜಿ ಹಾಕೋರು ಯಾರು? ಹಾಗಾಗಿ ಕಾಗದ ಬರಲಿ, ಆಮೇಲೆ ನೋಡೋಣ ಅಂತ ಶಾಲೆ ಕೂತರೆ ಆ ಮಗುವಿನ ಓದು ಮುಗಿದ ಹಾಗೇ. ಸ್ಕಾಲರ್‌ಶಿಪ್‌ಗೆ ಕಾಗದ ಬೇಕು. ಮಗುವನ್ನು ಮರ್ಯಾದೆಯಿಂದ ನಡೆಸಿಕೊಳ್ಳೋಕೆ ಬೇಡ.

ಮೊದಲು ಶೌಚಾಲಯ. ಹುಡುಗರ ಕಡೆ ಹೋದರೆ ಚಡ್ಡಿ ಎಳೆಯುತ್ತಾರೆ, ಹುಡುಗಿಯರ ಕಡೆ ಹೋಗುವ ಹಾಗಿಲ್ಲ. ಅದಕ್ಕೇ ಇಂಥ ಮಕ್ಕಳು ಬೆಳಗ್ಗೆಯಿಂದ ನೀರು ಕುಡಿಯಲ್ಲ, ಮೂತ್ರ ಕಟ್ಟಿಕೊಂಡೇ ಕೂರ್ತಾರೆ. ಉರಿಮೂತ್ರ, ಸೋಂಕು ಬರೋದು ಹೀಗೆ. ಹೊಸ ಕಟ್ಟಡ ಕಟ್ಟಿಸಬೇಕಿಲ್ಲ. ಸ್ಟಾಫ್ ಶೌಚಾಲಯ ಇದ್ದರೆ, ಇಲ್ಲವೇ ಅಂಗವಿಕಲ ಮಕ್ಕಳಿಗೆಂದು ಕಟ್ಟಿ ಬೀಗ ಹಾಕಿಟ್ಟ ರ‍್ಯಾಂಪ್ ಇರುವ ಶೌಚಾಲಯ ಇದ್ದರೆ, ಅದನ್ನು ತೆಗೆದರೆ ಆಯ್ತು. ಆದರೆ 'ಇದು ಇವನಿಗೆ' ಅಂತ ಸಾರಬಾರದು, ಬೇಕಾದವರು ಯಾರಾದರೂ ಬಳಸಲಿ.

ಆಮೇಲೆ ಬೈಗುಳ. ಮೇಷ್ಟ್ರು ನಕ್ಕರೆ ಇಡೀ ಕ್ಲಾಸು ನಗುತ್ತೆ. ಪಿಟಿ ಪೀರಿಯಡ್‌ನಲ್ಲಿ 'ಗಂಡಸಿನ ಥರ ಓಡೋ' ಅನ್ನೋದೂ ಇದೇ ಸಾಲಿಗೆ ಸೇರುತ್ತೆ. ಹಾಜರಿಯಲ್ಲಿ ಹೆಸರು ಕೂಗಿದರೆ ಮಗುವಿಗೆ ಮುಜುಗರ ಅನ್ನಿಸಿದರೆ ನಂಬರ್ ಕೂಗಿ.

ಒಳ್ಳೆಯ ಮೇಷ್ಟ್ರುಗಳೂ ಎಡವುವ ಜಾಗ ಇನ್ನೊಂದು: ಮಗು ನಂಬಿ ಹೇಳಿಕೊಂಡಿದ್ದನ್ನು ಕೂಡಲೇ ಮನೆಗೆ ಫೋನ್ ಮಾಡಿ ಹೇಳೋದು. ಅವತ್ತು ರಾತ್ರಿ ಬೀಳುವ ಪೆಟ್ಟು ಮೇಷ್ಟ್ರಿಗೆ ಕಾಣಲ್ಲ. ಮೊದಲು ಮಗುವನ್ನೇ ಕೇಳಿ, ಮನೆಯಲ್ಲಿ ಯಾರಿಗೆ ಹೇಳಬಹುದು ಅಂತ. ಕೆಲವೊಮ್ಮೆ ಅಜ್ಜಿ ಇರ್ತಾರೆ, ಇಲ್ಲ ಅಕ್ಕ.

ಮನೆಯಲ್ಲಿ ಹೊಡೆತ ಇದ್ದರೆ ಮಕ್ಕಳ ಸಹಾಯವಾಣಿ 1098. ಮಗು ತೀರಾ ಕುಗ್ಗಿದ್ದರೆ, ಸಾಯೋ ಮಾತಾಡಿದರೆ ಟೆಲಿ ಮಾನಸ್ 14416. ಎರಡೂ ಉಚಿತ, ಹಗಲು-ರಾತ್ರಿ ಇರುತ್ತೆ. ಎರಡು ನಂಬರ್‌ಗಳನ್ನೂ ಶಾಲೆಯ ಗೋಡೆಗೆ ಬರೆಸಿ, ಹೆಡ್‌ಮಾಸ್ಟರ್ ರೂಮಿನ ಒಳಗಲ್ಲ, ಮಕ್ಕಳು ಓಡಾಡುವ ಕಡೆ.