ಸಾವಿರ ಬಸುರಿಯರಲ್ಲಿ ತೊಂಬತ್ತೆರಡು ಹೆಸರು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರವರು ಮಿಷನ್ ಆಸ್ಪತ್ರೆ ಅಂತಲೇ ಕರೆಯುವುದು. ಅಲ್ಲಿಂದ ಹೊರಬಂದ ಎರಡು ಅಂಕಿಗಳು ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಪ್ರತಿ ಆರೋಗ್ಯ ಉಪಕೇಂದ್ರದ ಗೋಡೆಯ ಮೇಲೂ ಇರಬೇಕು: 37 ಮತ್ತು 2. ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದ ಹೆಂಗಸರಲ್ಲಿ, ಹೆರಿಗೆಯಾಗಿ ಐದು ವರ್ಷ ತುಂಬುವಷ್ಟರಲ್ಲಿ ನೂರಕ್ಕೆ 37 ಮಂದಿಗೆ ಮಧುಮೇಹ ಬಂದಿತ್ತು. ಬಸುರಿನಲ್ಲಿ ಸಕ್ಕರೆ ಸರಿಯಿದ್ದವರಲ್ಲಿ ಹಾಗಾದವರು ನೂರಕ್ಕೆ 2.

ಈ ಲೆಕ್ಕ ಕೊಟ್ಟವರು ಸಾಂಕ್ರಾಮಿಕ ರೋಗಶಾಸ್ತ್ರಜ್ಞೆ ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ಸಂಗಡಿಗರು. ಈ ಶಾಸ್ತ್ರದ ಹೆಸರಿನಲ್ಲಿ ‘ಸಾಂಕ್ರಾಮಿಕ’ ಇದ್ದರೂ ಅಂಟುರೋಗಕ್ಕಷ್ಟೇ ಅದು ಸೀಮಿತವಲ್ಲ. ಯಾರಿಗೆ, ಎಷ್ಟು ಮಂದಿಗೆ, ಏಕೆ ಕಾಯಿಲೆ ಬರುತ್ತದೆ ಎಂದು ಜನಸಮೂಹದಲ್ಲಿ ಎಣಿಸಿ ನೋಡುವ ವಿದ್ಯೆ ಅದು. 1997–98ರಲ್ಲಿ ಆ ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದ ಬಸುರಿಯರಿಗೆ 30 ವಾರದ ಆಸುಪಾಸಿನಲ್ಲಿ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಲಾಯಿತು. 785 ಮಂದಿಯಲ್ಲಿ 49 ಮಂದಿಗೆ, ಅಂದರೆ ಶೇ 6.2ರಷ್ಟು ಹೆಂಗಸರಿಗೆ, ಗರ್ಭಾವಸ್ಥೆಯ ಮಧುಮೇಹ ಇತ್ತು. ಅಲ್ಲಿಗೆ ಕೈತೊಳೆದುಕೊಂಡಿದ್ದರೆ ಅದು ಇನ್ನೊಂದು ಸಾಧಾರಣ ಸಮೀಕ್ಷೆಯಾಗಿ ಉಳಿಯುತ್ತಿತ್ತು. ‘ಪಾರ್ಥೆನಾನ್ ಅಧ್ಯಯನ’ ಎಂದು ಹೆಸರಾದ ಈ ಕೆಲಸ ಅದೇ ತಾಯಂದಿರನ್ನು ಐದು ವರ್ಷದ ಮೇಲೆ ಮತ್ತೆ ಕರೆಸಿತು, ಮಕ್ಕಳನ್ನು ಹರೆಯದವರೆಗೂ ಅಳೆದು ತೂಗಿತು. ಮನೆ ಬದಲಿಸಿದವರನ್ನು ಹುಡುಕಿ, ಒಪ್ಪಿಸಿ, ಮತ್ತೆ ತೋಳಿಗೆ ಸೂಜಿ ಚುಚ್ಚಿಸಿಕೊಳ್ಳುವಂತೆ ಮಾಡುವುದು ಎಷ್ಟು ತಾಳ್ಮೆಯ ಕೆಲಸ ಎಂಬುದು ಪಲ್ಸ್ ಪೋಲಿಯೋಗೆ ಮನೆಮನೆ ಸುತ್ತಿದ ಯಾವ ಆಶಾ ಕಾರ್ಯಕರ್ತೆಗಾದರೂ ಗೊತ್ತಿರುತ್ತದೆ.

ಮೈಸೂರೇ ಯಾಕೆ ಅಂದರೆ ಹಳೆಯ ದಾಖಲೆ ಇತ್ತು. ಆ ಆಸ್ಪತ್ರೆಯಲ್ಲಿ 1934ರಿಂದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್‌ನ ಡಾ. ಕ್ಯಾರೊಲಿನ್ ಫಾಲ್ ಮತ್ತಿತರರು 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪತ್ತೆಹಚ್ಚಿ ಹೃದಯ ಪರೀಕ್ಷೆ ಮಾಡಿದರು. ಹುಟ್ಟಿದಾಗ 2.5 ಕಿಲೋಗಿಂತ ಮೇಲೇಳದವರಲ್ಲಿ ಶೇ 11 ಮಂದಿಗೆ ಹೃದಯದ ಕಾಯಿಲೆ, 3.1 ಕಿಲೋ ದಾಟಿದ್ದವರಲ್ಲಿ ಶೇ 3. ಕೂಸೂ ಸಣ್ಣದು, ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಎಂದಾದಲ್ಲಿ ಶೇ 20. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಈ ವರದಿಯ ಬೇರು ಇದ್ದದ್ದು ಮೈಸೂರಿನ ಹೆರಿಗೆ ವಾರ್ಡಿನ ರಿಜಿಸ್ಟರಿನಲ್ಲಿ.

ಈಗ ಲೆಕ್ಕವನ್ನು ನಮ್ಮ ಕಡೆಗೆ ತರೋಣ. ಮೂರೂ ತಾಲ್ಲೂಕು ಸೇರಿ ವರ್ಷಕ್ಕೆ ಎಷ್ಟು ಹೆರಿಗೆ ಎಂಬುದಕ್ಕೆ ಹೋಗದೆ 1,000 ಬಸುರಿಯರನ್ನು ಹಿಡಿದಿದ್ದೇನೆ. ಅವರವರ ಆಸ್ಪತ್ರೆಯ ಸಂಖ್ಯೆಗೆ ಗುಣಿಸಿಕೊಳ್ಳಬಹುದು. ಮೈಸೂರಿನ ದರದಲ್ಲಿ ಇವರಲ್ಲಿ 62 ಮಂದಿಗೆ ಬಸುರಿನ ಸಕ್ಕರೆ. ಐದು ವರ್ಷದಲ್ಲಿ ಆ 62ರಲ್ಲಿ 23 ಮಂದಿ ಮಧುಮೇಹಿಗಳು. ಉಳಿದ 938ರಲ್ಲಿ 19 ಮಂದಿ. ಒಟ್ಟು 42ರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಸಣ್ಣ ಪಟ್ಟಿಯವರೇ. ಒಂದು ಪಟ್ಟಿ ಹಿಡಿದು ಹೊರಟರೆ ಮೂರು ಮನೆಗೆ ಒಬ್ಬರು ಸಿಗುತ್ತಾರೆ, ಇನ್ನೊಂದು ಪಟ್ಟಿಯಲ್ಲಿ ಒಬ್ಬರು ಸಿಗಲು 49 ಮನೆ ಹತ್ತಿ ಇಳಿಯಬೇಕು.

ಇದು ಎರವಲು ಲೆಕ್ಕ. ಮೈಸೂರು ನಗರ; ಕಡೂರಿನ ಬಯಲು ಸೀಮೆ, ತರೀಕೆರೆಯ ಅಡಿಕೆ ತೋಟ, ಅಜ್ಜಂಪುರದ ಈರುಳ್ಳಿ ಹೊಲದಲ್ಲಿ ದುಡಿಯುವ ಹೆಂಗಸರ ಮೈಕೈ ಬೇರೆ. 49 ಮಂದಿಯಲ್ಲಿ ಐದು ವರ್ಷದ ಮೇಲೆ ಮತ್ತೆ ಸಿಕ್ಕವರು ಇನ್ನೂ ಕಡಿಮೆ, ಆದ್ದರಿಂದ 37 ಎಂಬುದು ಅತ್ತಿತ್ತ ಆಗಬಹುದು. ಅಂತರ ಮಾತ್ರ ಅಳಿಸಿಹೋಗುವಂಥದ್ದಲ್ಲ. ಬೇರೆ ಬೇರೆ ಕಡೆಯ 20 ಅಧ್ಯಯನಗಳ 6.75 ಲಕ್ಷ ಹೆಂಗಸರ ಲೆಕ್ಕ ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯಲ್ಲೂ ಬಸುರಿನ ಸಕ್ಕರೆ ಇದ್ದವರಿಗೆ ಮುಂದೆ ಮಧುಮೇಹ ಬರುವ ಸಂಭವ 7 ಪಟ್ಟಿಗಿಂತ ಹೆಚ್ಚಿತ್ತು.

ಇನ್ನು ಬಿಪಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11,000 ಚೊಚ್ಚಲ ಬಸುರಿಯರಿಗೆ ಬಿಪಿ ಏರದಿರಲೆಂದು ಕ್ಯಾಲ್ಸಿಯಂ ಕೊಟ್ಟು ನೋಡಿದ ಫಲಿತಾಂಶ 2024ರ ಜನವರಿಯಲ್ಲಿ ಪ್ರಕಟವಾಯಿತು. ದಿನಕ್ಕೆ 500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶೇ 3.0, 1,500 ತೆಗೆದುಕೊಂಡವರಲ್ಲಿ ಶೇ 3.6 ಮಂದಿಗೆ ಪ್ರಿಎಕ್ಲಾಂಪ್ಸಿಯಾ, ಅಂದರೆ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆ. ಕಡಿಮೆ ಪ್ರಮಾಣವೇ ಸಾಕು ಎಂದಾಯಿತು. ಸರ್ಕಾರಿ ಕಾರ್ಯಕ್ರಮದಲ್ಲಿ ಈಗ ದಿನಕ್ಕೆ ಎರಡರಂತೆ ಬಸುರಿಯೊಬ್ಬಳಿಗೆ 500 ಮಿಲಿಗ್ರಾಂ ಕ್ಯಾಲ್ಸಿಯಂನ 360 ಮಾತ್ರೆ. ಒಂದಕ್ಕೆ ಇಳಿಸಿದರೆ 1,000 ಬಸುರಿಯರಿಗೆ 1,80,000 ಮಾತ್ರೆ ಉಳಿಯುತ್ತದೆ. ಆ ಹಣ ಎಲ್ಲಿಗೆ ಹೋಗಬೇಕೆಂದು ಕೇಳಿದರೆ ನನ್ನ ಉತ್ತರ ಸಿದ್ಧವಿದೆ: ಈ ಬಿಪಿಯವರ ಬೆನ್ನಿಗೆ. 1,000ಕ್ಕೆ 30 ಮಂದಿ ಎಂದುಕೊಳ್ಳಿ. ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಕಾಯಂ ಬಿಪಿ ಬರುವ ಸಂಭವ 3.7 ಪಟ್ಟು, ಹೃದಯದ ಕಾಯಿಲೆ 2 ಪಟ್ಟಿಗೂ ಮೇಲೆ, ಪಾರ್ಶ್ವವಾಯು 1.8 ಪಟ್ಟು ಎಂದು 2007ರ ಒಂದು ದೊಡ್ಡ ವಿಶ್ಲೇಷಣೆ ಹೇಳುತ್ತದೆ. ಎರಡರಲ್ಲೂ ಇರುವ ಕೆಲವರನ್ನು ಮರೆತರೆ 62 ಮತ್ತು 30, ಒಟ್ಟು 92 ಹೆಸರು.

ಇನ್ನೊಂದು ಅಂಕಿಯನ್ನು ಬಿಡಲು ಮನಸ್ಸಾಗುವುದಿಲ್ಲ. ಅದೇ ಮೈಸೂರಿನ ಬಸುರಿಯರಲ್ಲಿ ಫೋಲೇಟ್ ಕೊರತೆ ಇದ್ದವರು ಶೇ 4, ವಿಟಮಿನ್ ಬಿ12 ಕೊರತೆ ಇದ್ದವರು ಶೇ 43. ಬಿ12 ಕಡಿಮೆ ಇದ್ದ ಹೆಂಗಸರಲ್ಲಿ ಬಸುರಿನ ಸಕ್ಕರೆಯೂ ಹೆಚ್ಚು ಕಂಡಿತು. ಸರ್ಕಾರ ಬಸುರಿಗೆ ಕೊಡುವ 180 ಕಬ್ಬಿಣದ ಮಾತ್ರೆಗಳಲ್ಲಿ ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆ್ಯಸಿಡ್ ಇದೆ, ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನಿನಂಥವು ತಟ್ಟೆಗೆ ಬಂದರಷ್ಟೇ ಅದು ಸಿಗಬೇಕು. ಅಮೃತ್ ಮಹಲ್ ತಳಿಯ ದನ ಸಾಕುವ ಅಜ್ಜಂಪುರದ ಸೀಮೆಯಲ್ಲೇ ಬಾಣಂತಿಗೆ ಮೊಸರು ಶೀತ ಎಂದು ತಪ್ಪಿಸುವ ಮನೆಗಳಿವೆ.

ಕರ್ನಾಟಕ ಬಸುರಿಯರನ್ನು ನೋಡಿಕೊಳ್ಳುವುದರಲ್ಲಿ ಹಿಂದುಳಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಶೇ 97 ಹೆರಿಗೆ ಆಸ್ಪತ್ರೆಯಲ್ಲೇ. ತಾಯಿ ಕಾರ್ಡಿನಲ್ಲಿ ತೂಕ, ಬಿಪಿ, ಹಿಮೋಗ್ಲೋಬಿನ್, ಸಕ್ಕರೆ ಎಲ್ಲಕ್ಕೂ ಜಾಗವಿದೆ. ತೊಡಕು ಬರುವುದು ಹೆರಿಗೆಯ ಮೇಲೆ. ಬಸುರಿನ ಸಕ್ಕರೆ ಇದ್ದವರಿಗೆ ಆರನೆಯ ವಾರದಲ್ಲಿ ಮತ್ತೆ ಗ್ಲೂಕೋಸ್ ಪರೀಕ್ಷೆ ಮಾಡಿ ಎಂದು ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆರನೆಯ ವಾರದಲ್ಲಿ ನಮ್ಮ ಹುಡುಗಿ ಎಲ್ಲಿರುತ್ತಾಳೆ? ತವರಿನಲ್ಲಿ. ಕಾರ್ಡು ಮಾಡಿಸಿದ್ದು ಕಡೂರು ತಾಲ್ಲೂಕಿನ ಗಂಡನ ಊರಲ್ಲಿ, ಬಾಣಂತನ ತರೀಕೆರೆ ಕಡೆಯ ಅಮ್ಮನ ಮನೆಯಲ್ಲಿ. ಬಸುರಿಯಾಗಿದ್ದಾಗ ಅವಳ ಬೆನ್ನು ಬಿಡದೆ ಫೋನು ಮಾಡುತ್ತಿದ್ದ ಆಶಾ ಅಕ್ಕನಿಗೆ ಅವಳೀಗ ಲೆಕ್ಕದಿಂದ ಹೊರಗೆ, ತವರೂರಿನ ಆಶಾಗೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅಲ್ಲಿ ತಪ್ಪಿದರೆ ಮತ್ತೆ ಸಿಗುವುದು ಯಾವಾಗ? ಮಧುಮೇಹ, ಬಿಪಿಗಾಗಿ ಮನೆಮನೆ ತಪಾಸಣೆ ಶುರುವಾಗುವುದು 30 ವರ್ಷಕ್ಕೆ. 22ಕ್ಕೆ ಹೆತ್ತವಳಿಗೆ 8 ವರ್ಷ ಖಾಲಿ. ಮೈಸೂರಿನ ಆ ನೂರಕ್ಕೆ 37 ಮಂದಿಗೆ ಕಾಯಿಲೆ ಬಂದದ್ದು 5 ವರ್ಷದೊಳಗೆ.

ಖರ್ಚಿಗೆ ಬರೋಣ. ಪರೀಕ್ಷೆ ಅಂದರೆ 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿಗೆ ಕದಡಿ ಐದು–ಹತ್ತು ನಿಮಿಷದಲ್ಲಿ ಕುಡಿಯುವುದು. ಬಾಯಿ ಅಂಟುವಷ್ಟು ಸಿಹಿ, ಕೆಲವರಿಗೆ ವಾಂತಿ ಬಂದುಬಿಡುತ್ತದೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಕುಡಿದು ಎರಡು ಗಂಟೆಯ ಮೇಲೆ ಒಮ್ಮೆ ರಕ್ತ ನೋಡಬೇಕು. ಗ್ಲೂಕೋಸಿಗೆ ₹50, ಎರಡು ಸ್ಟ್ರಿಪ್‌ಗೆ ತಲಾ ₹25 ಎಂದು ಧಾರಾಳವಾಗಿಯೇ ಹಿಡಿದರೆ ಒಬ್ಬರಿಗೆ ₹100. 62 ಮಂದಿಗೆ ₹6,200; ಬೇಕಾಗುವ ಗ್ಲೂಕೋಸು 4.65 ಕಿಲೋ.

ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಆದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತು ಎರಡು ಗಂಟೆ ಕಾದು ಬಂದರೆ ಆ ದಿನದ ಕೂಲಿ ಹೋಯಿತು. ಬಾಣಂತಿಯ ಜೊತೆಗೊಬ್ಬರು ಬರಲೇಬೇಕು, ಅವರ ಕೂಲಿಯನ್ನೇ ಲೆಕ್ಕ ಹಾಕಿ. ಉದ್ಯೋಗ ಖಾತ್ರಿಯಲ್ಲಿ ರಾಜ್ಯಕ್ಕೆ 2025–26ರಲ್ಲಿ ಗೊತ್ತು ಮಾಡಿದ ದಿನಗೂಲಿ ₹370. 62 ಮನೆಗಳಿಗೆ ₹22,940. ಪರೀಕ್ಷೆಗೆ ಸರ್ಕಾರ ಹಾಕುವುದರ ಮೂರೂವರೆ ಪಟ್ಟಿಗೂ ಹೆಚ್ಚು ಹಣವನ್ನು ಬಡವರೇ ತೆರಬೇಕಾಗುತ್ತದೆ. “ಆಮೇಲೆ ಬತ್ತೀನಿ ಸಿಸ್ಟರ್” ಎಂದು ಅವಳು ಹೇಳಿದರೆ ಅದನ್ನು ಅಸಡ್ಡೆ ಎಂದು ಬರೆದುಕೊಳ್ಳುವುದು ಅನ್ಯಾಯ.

ಈ ಕೂಲಿಯನ್ನು ಉಳಿಸುವ ದಾರಿ ಲಸಿಕೆಯ ಪಟ್ಟಿಯಲ್ಲೇ ಇದೆ. ಕೂಸಿಗೆ ಆರನೆಯ ವಾರಕ್ಕೆ ಚುಚ್ಚುಮದ್ದು, 16ರಿಂದ 24 ತಿಂಗಳ ನಡುವೆ ಬೂಸ್ಟರ್, 5–6 ವರ್ಷಕ್ಕೆ ಮತ್ತೊಂದು ಬೂಸ್ಟರ್. ತವರಿರಲಿ, ಗಂಡನ ಮನೆಯಿರಲಿ, ತನ್ನ ಪರೀಕ್ಷೆಯನ್ನು ಮುಂದಕ್ಕೆ ಹಾಕುವ ತಾಯಿ ಮಗುವಿನ ಸೂಜಿಯನ್ನು ಮುಂದಕ್ಕೆ ಹಾಕುವುದು ಕಡಿಮೆ. ಮಾರ್ಗಸೂಚಿ ಕೇಳುವ ಆರನೆಯ ವಾರವೂ, ಮೈಸೂರಿನವರು ನೋಡಿದ ಐದನೆಯ ವರ್ಷವೂ ಈ ಪಟ್ಟಿಯಲ್ಲಿ ಕೂತಿವೆ. ಅಂಗನವಾಡಿಯ ಲಸಿಕೆ ದಿನವೇ ತಾಯಿಗೂ ಗ್ಲೂಕೋಸ್ ಕೊಟ್ಟು, ತೋಳಿಗೆ ಬಿಪಿ ಪಟ್ಟಿ ಸುತ್ತಿದರೆ ಮೂರು ಸಲಕ್ಕೆ ತಲಾ ₹300, 62 ಮಂದಿಗೆ ಐದು ವರ್ಷಕ್ಕೆ ₹18,600. ಬಿಪಿಯ 30 ಮಂದಿಗೆ ಸ್ಟ್ರಿಪ್ಪೂ ಬೇಡ. ಬೇಕಾದ್ದು ಮಗುವಿನ ಲಸಿಕೆ ಬರೆಯುವ ಪುಟದಲ್ಲಿ ತಾಯಿಯ ಸಕ್ಕರೆ, ಬಿಪಿ ಎಂಬ ಎರಡು ಕಾಲಂ, ಮತ್ತು ಕಾರ್ಡು ಯಾವ ತಾಲ್ಲೂಕಿನದೇ ಆಗಿದ್ದರೂ ಅದನ್ನು ತುಂಬಬೇಕೆಂಬ ಒಂದು ಸುತ್ತೋಲೆ.